ಕೊನೆಯಲ್ಲಿ ಕೇಟ್ ಆಡುವ ಆ ದೊಡ್ಡ ಮಾತು ಮನಸ್ಸಿನಿಂದ ಬಂದದ್ದಾ? ಪಾತ್ರ ಮಾಡುತ್ತಿರುವವಳ ಪ್ರಶ್ನೆ

ಕೌಲ್ ಬಜಾರ್ ಹುಡುಗಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತೇನೆ. ಈ ಸಲ ಶೇಕ್ಸ್‌ಪಿಯರ್‌ನ ‘ದ ಟೇಮಿಂಗ್ ಆಫ್ ದ ಶ್ರೂ’, ಅಂದರೆ ಗಯ್ಯಾಳಿಯನ್ನು ಪಳಗಿಸುವುದು, ಎತ್ತಿಕೊಂಡಿದ್ದೇವೆ. ಊರು, ಪಾತ್ರಗಳ ಹೆಸರು ಎಲ್ಲ ಮೂಲದ್ದೇ, ಮಾತು ಮಾತ್ರ ನಮ್ಮ ಕಡೆಯದು. ಪಡುವಾ ಊರಿಗೆಲ್ಲ ಗಯ್ಯಾಳಿ ಅಂತ ಹೆಸರಾದ ಕ್ಯಾಥರಿನಾ, ಅಂದರೆ ಕೇಟ್, ಆ ಪಾತ್ರ ನನ್ನದು.

ಮೊದಲ ಭಾಗ ಮಾಡೋಕೆ ಎಷ್ಟು ಖುಷಿ ಅಂದ್ರೆ ಹೇಳೋಕಾಗಲ್ಲ. ಸಂಗೀತ ಕಲಿಸೋಕೆ ವೇಷ ಹಾಕಿಕೊಂಡು ಬಂದವನ ತಲೆಗೆ ವಾದ್ಯ ಎತ್ತಿ ಕುಕ್ಕುವುದು ಮೂಲದಲ್ಲಿ ಒಳಗೆ ನಡೆಯುತ್ತದೆ, ಅವನು ತಲೆ ಹಿಡಿದುಕೊಂಡು ಹೊರಗೆ ಬರುತ್ತಾನೆ ಅಷ್ಟೇ. ನಾವು ಅದನ್ನು ಎದುರಿಗೇ ತೋರಿಸುತ್ತೇವೆ. ಯಾರದೋ ಮನೆಯಲ್ಲಿ ಸೀಳಿ ಬಿದ್ದಿದ್ದ ತಂಬೂರಿ ಸಿಕ್ಕಿದೆ. ತಂಗಿ ಬಿಯಾಂಕಾ ಕೈ ಕಟ್ಟಿ ಹಾಕಿ ಹೊಡೆಯುವುದು, ಅವಳನ್ನು ಮದುವೆಯಾಗೋಕೆ ಮೊದಲ ಸಲ ಪೆಟ್ರೂಶಿಯೊ ಬಂದಾಗ ಮಾತಿಗೆ ಮಾತು, ಅದೆಲ್ಲ ಹರಿಯುವ ನೀರಿನ ಹಾಗೆ ಬರುತ್ತದೆ.

ಕೊನೆಯದ್ದು ಬರುತ್ತಿಲ್ಲ. 40 ಸಾಲಿಗಿಂತ ಜಾಸ್ತಿ ಇರುವ ಆ ಮಾತು. ಗಂಡನೇ ಒಡೆಯ, ಗಂಡನೇ ಜೀವ, ಗಂಡನೇ ರಾಜ, ಅವನ ಪಾದದ ಕೆಳಗೆ ನಿಮ್ಮ ಕೈ ಇಡಿ ಅಂತ ಉಳಿದ ಹೆಂಗಸರಿಗೆ ಹೇಳುವುದು. ನಿರ್ದೇಶಕರು ‘ಮನಸ್ಸಿಟ್ಟು ಹೇಳು, ಕೊನೆಗೆ ಬಗ್ಗಿ ಕಾಲು ಮುಟ್ಟು, ಜನ ಕಣ್ಣೀರು ಹಾಕಬೇಕು’ ಅಂತಾರೆ. ನಾನು ಹೇಳುವಾಗ ನನ್ನ ಗಂಟಲಲ್ಲಿ ಬೇರೆ ಯಾರೋ ಕೂತು ಮಾತಾಡಿದ ಹಾಗಾಗುತ್ತದೆ.

ಮೊನ್ನೆ ಮನೆಯಲ್ಲಿ ಜೋರಾಗಿ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ನಡುವೆ ಬಡಿಯುವ ಸದ್ದು ನಿಂತಿತು. ನೋಡಿದರೆ ಕೈ ಹಿಟ್ಟಿನ ಮೇಲೆ ಹಾಗೇ ಇದೆ. ‘ಇದನ್ನ ಬರೆದವರು ಗಂಡಸರಾ?’ ಅಂದಳು. ಹೌದು ಅಂದೆ. ಮತ್ತೆ ಬಡಿಯೋಕೆ ಶುರು ಮಾಡಿದಳು, ಬೇರೇನೂ ಹೇಳಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಕೇಟ್ ನಿಜವಾಗಿ ಬದಲಾದಳಾ? ಆದರೆ ಎಲ್ಲಿ, ಯಾವ ಹೊತ್ತಿನಲ್ಲಿ? ಅದು ಸಿಕ್ಕರೆ ಮಾತು ತಾನೇ ಬರುತ್ತದೆ ಅನ್ನಿಸುತ್ತದೆ. ಓದಿದವರು, ಆಡಿದವರು ಇದ್ದರೆ ದಯವಿಟ್ಟು ಹೇಳಿ.

ಗಂಗಾವತಿ ಮೇಷ್ಟ್ರು, ಕೊಪ್ಪಳ ಜಿಲ್ಲೆ

ತುಂಬಾ ಒಳ್ಳೆ ಪ್ರಶ್ನೆ ಕಣಮ್ಮ. ಡಿಗ್ರಿ ಮಕ್ಕಳಿಗೆ ಈ ನಾಟಕ ಅನೇಕ ವರ್ಷ ಪಾಠ ಮಾಡಿದ್ದೇನೆ. ಮೊದಮೊದಲು ನಗಿಸುತ್ತಾ ಮಾಡುತ್ತಿದ್ದೆ. ಆಮೇಲೆ ಒಂದು ಸಲ ನಾಲ್ಕನೇ ಅಂಕ ಓದುವಾಗ ಹಿಂದಿನ ಬೆಂಚಿನ ಹುಡುಗಿಯರು ಯಾರೂ ನಗುತ್ತಿಲ್ಲ ಅನ್ನುವುದು ಕಣ್ಣಿಗೆ ಬಿತ್ತು. ಅವತ್ತಿನಿಂದ ನಾನು ಓದುವ ರೀತಿ ಬದಲಾಯಿತು.

ನೀನು ಕೊನೆಯ ಅಂಕದಲ್ಲಿ ಹುಡುಕುತ್ತಿದ್ದೀಯ. ಸ್ವಲ್ಪ ಹಿಂದಕ್ಕೆ ಹೋಗು. ಮದುವೆ ದಿನ ನೋಡು. ಅವಳನ್ನು ಯಾರೂ ಕೇಳಲಿಲ್ಲ. ಅಪ್ಪ ಬಾಪ್ಟಿಸ್ಟಾ ‘ಅವಳ ಪ್ರೀತಿ ಗೆಲ್ಲಬೇಕು, ಅದೇ ಮುಖ್ಯ’ ಅಂತ ಹೇಳಿದ್ದು ನಿಜ. ಆದರೆ ಅಷ್ಟೊತ್ತಿಗಾಗಲೇ 20,000 ಕ್ರೌನ್ ವರದಕ್ಷಿಣೆ, ತಾನು ಸತ್ತ ಮೇಲೆ ಅರ್ಧ ಆಸ್ತಿ ಅಂತ ಮಾತಾಗಿತ್ತು. ಭಾನುವಾರ ಮದುವೆ ಅಂತ ಪೆಟ್ರೂಶಿಯೊ ಸಾರಿದಾಗ ಕೇಟ್ ‘ಅದಕ್ಕಿಂತ ಮೊದಲು ನಿನ್ನನ್ನು ಗಲ್ಲಿಗೇರಿಸುವುದನ್ನು ನೋಡುತ್ತೇನೆ’ ಅಂತಾಳೆ. ಅವನು ‘ಇಬ್ಬರೇ ಇದ್ದಾಗ ಒಪ್ಪಿದ್ದಾಳೆ, ಜನರ ಮುಂದೆ ಮಾತ್ರ ಹೀಗಾಡುತ್ತಾಳೆ’ ಅಂತ ಸುಳ್ಳು ಹೇಳುತ್ತಾನೆ. ಆಮೇಲೆ ಅವಳಿಗೆ ಒಂದು ಮಾತೂ ಇಲ್ಲ. ಆ ಮೌನ ಗುರುತು ಹಾಕಿಕೋ. ಮದುವೆ ದಿನ ಅವನು ಹೊತ್ತು ಮೀರಿದರೂ ಬರುವುದಿಲ್ಲ. ಊರವರು ‘ಹುಚ್ಚ ಪೆಟ್ರೂಶಿಯೊನ ಹೆಂಡತಿ’ ಅಂತ ಬೊಟ್ಟು ಮಾಡುತ್ತಾರೆ ಅಂತ ಅತ್ತುಕೊಂಡು ಒಳಗೆ ಹೋಗುತ್ತಾಳೆ. ಗಯ್ಯಾಳಿ ಅಂತ ಎಲ್ಲರೂ ಕರೆದ ಹುಡುಗಿ ಎಲ್ಲರೆದುರು ಅತ್ತದ್ದು ಅಲ್ಲಿ.

ಆಮೇಲೆ ಅವನ ಮನೆ. ಊಟ ಬಂತು, ಮಾಂಸ ಸೀದಿದೆ ಅಂತ ಎತ್ತಿ ಎಸೆದ. ಹಾಸಿಗೆ ಸರಿ ಹಾಸಿಲ್ಲ ಅಂತ ಕಿತ್ತು ಬಿಸಾಡಿ ರಾತ್ರಿಯೆಲ್ಲ ನಿದ್ದೆಗೆಡಿಸಿದ. ಎಲ್ಲವೂ ‘ನಿನ್ನ ಒಳ್ಳೆಯದಕ್ಕೇ’ ಅನ್ನುವ ಹೆಸರಿನಲ್ಲಿ. ಒಬ್ಬನೇ ನಿಂತು ಪ್ರೇಕ್ಷಕರಿಗೆ ತನ್ನ ಉಪಾಯ ಬಿಚ್ಚಿ ಹೇಳುತ್ತಾನೆ: ಬೇಟೆ ಗಿಡುಗ ಪಳಗಿಸುವವರು ಅದರ ಹೊಟ್ಟೆಗೆ ಹಾಕದೆ, ನಿದ್ದೆ ಮಾಡೋಕೆ ಬಿಡದೆ ದಾರಿಗೆ ತರುತ್ತಾರಲ್ಲ, ಹಾಗೆ. ಇದು ಬರೀ ಹೋಲಿಕೆ ಅಲ್ಲ. ಗಿಡುಗವನ್ನು ನಿಜವಾಗಿಯೂ ಹಾಗೇ ಪಳಗಿಸುತ್ತಿದ್ದರು. 1590ರ ಸುಮಾರಿನ ಪ್ರೇಕ್ಷಕರಿಗೆ ಅದು ಚೆನ್ನಾಗಿ ಗೊತ್ತಿತ್ತು.

ನನ್ನ ಪ್ರಕಾರ ತಿರುವು ಇರುವುದು ಪಡುವಾಕ್ಕೆ ವಾಪಸ್ ಬರುವ ದಾರಿಯಲ್ಲಿ. ನೆತ್ತಿ ಮೇಲೆ ಸೂರ್ಯ. ಪೆಟ್ರೂಶಿಯೊ ‘ಎಂಥ ಬೆಳದಿಂಗಳು’ ಅಂತಾನೆ. ಒಪ್ಪದಿದ್ದರೆ ಕುದುರೆ ಹಿಂದಕ್ಕೆ ತಿರುಗಿಸುತ್ತಾನೆ. ಕೊನೆಗೆ ಕೇಟ್ ‘ಚಂದ್ರ ಅನ್ನು, ಸೂರ್ಯ ಅನ್ನು, ಬೇಕಾದರೆ ದೀಪದ ಬತ್ತಿ ಅನ್ನು, ಇನ್ನು ಮೇಲೆ ನನಗೂ ಅದೇ’ ಅಂತಾಳೆ. ಜೊತೆಗಿದ್ದ ಅವನ ಗೆಳೆಯ ಹೊರ್ಟೆನ್ಶಿಯೊ ಅಲ್ಲೇ ‘ನೀನು ಗೆದ್ದೆ’ ಅಂತ ಹೇಳಿಬಿಡುತ್ತಾನೆ. ಆದರೆ ಅದರ ಹಿಂದೆಯೇ ಮುದುಕ ವಿನ್ಸೆನ್ಶಿಯೊ ಎದುರಾಗುತ್ತಾನೆ. ಇವಳು ಹುಡುಗಿ ಅಲ್ವಾ ಅಂತ ಪೆಟ್ರೂಶಿಯೊ ಅಂದರೆ ಕೇಟ್ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ಮೊಗ್ಗಿನಂಥ ಹುಡುಗಿ, ನಿನ್ನ ಹೆತ್ತವರೇ ಪುಣ್ಯವಂತರು ಅಂತ ಹೊಗಳುತ್ತಾಳೆ. ಪೆಟ್ರೂಶಿಯೊ ಮಾತು ತಿರುಗಿಸಿದ ಮೇಲೆ ಅವಳು ಕ್ಷಮೆ ಕೇಳುವ ರೀತಿ ನೋಡು: ಬಿಸಿಲಿಗೆ ಕಣ್ಣು ಕುಕ್ಕಿತ್ತು ಅಂತಾಳೆ. ಬಿಸಿಲು! ಈಗ ತಾನೇ ಚಂದ್ರ ಅಂತ ಒಪ್ಪಿದವಳು ಮೆಲ್ಲಗೆ ಸೂರ್ಯನನ್ನು ವಾಪಸ್ ತಂದು ಆಕಾಶದಲ್ಲಿ ಇಟ್ಟಳು. ಅಷ್ಟು ಚುರುಕಿನವಳ ಬುದ್ಧಿ ಸತ್ತಿದೆ ಅಂತ ನಾನು ಒಪ್ಪಲ್ಲ. ಅವಳು ಅವನ ಆಟದ ನಿಯಮ ಕಲಿತಳು. ಕೊನೆಯ ಮಾತನ್ನೂ ಆಟ ಬಲ್ಲವಳು ಆಡುವ ಹಾಗೆ ಆಡಿ ನೋಡು.

ಇನ್ನೊಂದು. ಇಡೀ ಕಥೆ ಕುಡಿದು ಬಿದ್ದಿದ್ದ ಸ್ಲೈ ಅನ್ನುವವನ ಮುಂದೆ ಆಡುವ ನಾಟಕ. ನಿಮ್ಮ ತಂಡ ಆ ಭಾಗ ಬಿಟ್ಟಿದ್ದರೆ ದಯವಿಟ್ಟು ಸೇರಿಸಿ. ಶೇಕ್ಸ್‌ಪಿಯರ್ ನಾಟಕಗಳ 1623ರ ಸಂಪುಟದಲ್ಲಿ ಅವನು ನಡುವೆಯೇ ಕಾಣೆಯಾಗುತ್ತಾನೆ. ಆದರೆ 1594ರಲ್ಲಿ ಅಚ್ಚಾದ, ಹೆಚ್ಚುಕಡಿಮೆ ಇದೇ ಹೆಸರಿನ ಇನ್ನೊಂದು ನಾಟಕದಲ್ಲಿ ಕೊನೆಗೆ ಎದ್ದು, ಗಯ್ಯಾಳಿಯನ್ನು ಪಳಗಿಸುವುದು ಹೇಗೆ ಅಂತ ಕನಸಿನಲ್ಲಿ ಕಲಿತೆ, ಮನೆಗೆ ಹೋಗಿ ಹೆಂಡತಿ ಮೇಲೆ ನೋಡುತ್ತೇನೆ ಅಂತ ಹೊರಡುತ್ತಾನೆ. ಇದು ಯಾರ ಕನಸು ಅಂತ ಅದರಲ್ಲೇ ಗೊತ್ತಾಗುತ್ತದೆ.

ರಾಯಚೂರು ಓದುಗ

ಮೇಷ್ಟ್ರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ನನಗೆ ಇದನ್ನು ಓದಿದಾಗ ಜೈಮಿನಿ ಭಾರತದ ಚಂಡಿ ನೆನಪಾಗುತ್ತಾಳೆ. ಉದ್ದಾಲಕ ಮುನಿಯ ಹೆಂಡತಿ. ಗಂಡ ಏನು ಹೇಳಿದರೂ ಉಲ್ಟಾ ಮಾಡುವವಳು. ಅದಕ್ಕೇ ಅವನು ಬೇಕಾದದ್ದನ್ನು ಬೇಡ ಅಂತ ಹೇಳಿ ಕೆಲಸ ಮಾಡಿಸಿಕೊಳ್ಳುತ್ತಿದ್ದ. ಶ್ರಾದ್ಧದ ದಿನ ಮರೆತು ನೇರವಾಗಿ ಹೇಳಿಬಿಟ್ಟ, ಪಿಂಡವನ್ನು ತಿಪ್ಪೆಗೆ ಎಸೆದಳು, ಕಲ್ಲಾಗು ಅಂತ ಶಾಪ ಕೊಟ್ಟ. ಅರ್ಜುನ ಮುಟ್ಟುವವರೆಗೆ ಕಲ್ಲಾಗೇ ಇದ್ದಳು. ಚಿಕ್ಕವನಿದ್ದಾಗ ಈ ಕಥೆಗೆ ನಾವೆಲ್ಲ ನಕ್ಕಿದ್ದೇವೆ. ಅವಳು ಯಾಕೆ ಹಾಗೆ ಮಾಡುತ್ತಿದ್ದಳು ಅಂತ ಯಾರೂ ಕೇಳಲಿಲ್ಲ.

ಆದರೂ ನನಗೆ ಕೇಟ್ ಮತ್ತು ಪೆಟ್ರೂಶಿಯೊ ನಡುವೆ ಪ್ರೀತಿ ಇದೆ ಅನ್ನಿಸುತ್ತದೆ. ಪಡುವಾದಲ್ಲಿ ಅವಳ ಮಾತಿಗೆ ಸಮನಾಗಿ ಮಾತು ಕೊಟ್ಟವನು ಅವನೊಬ್ಬನೇ. ಉಳಿದವರೆಲ್ಲ ಅವಳನ್ನು ಕಂಡರೆ ದೂರ ಓಡುತ್ತಿದ್ದರು. ನಮ್ಮ ಸಿನಿಮಾದವರೂ ಅದನ್ನೇ ಹಿಡಿದುಕೊಂಡರು. 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ ಮತ್ತು ರಾಘವೇಂದ್ರ ರಾಜ್‌ಕುಮಾರ್ ಜೋಡಿ ನೋಡಿದವರಿಗೆ ಗೊತ್ತು, ಮೂಲ ಎಳೆ ಇದೇ. ಜಗಳ ಆಡುತ್ತಲೇ ಹತ್ತಿರ ಬರುವವರು ಇರುತ್ತಾರೆ ಅಲ್ವಾ? ಆ ಮಾತನ್ನು ಪ್ರೀತಿಯಿಂದ ಹೇಳಿದರೆ ತಪ್ಪೇನು?

ಸಿಂಧನೂರಿನ ಅಕ್ಕ

ರಾಯಚೂರಿನ ತಮ್ಮಾ, ತಪ್ಪು ಇದೆ. ಸಿಟ್ಟಿನಿಂದ ಹೇಳುತ್ತಿಲ್ಲ, ಕೇಳು.

ಹಸಿದವಳ ಬಾಯಿಂದ ಬರುವ ಹೊಗಳಿಕೆಯನ್ನು ಪ್ರೀತಿ ಅನ್ನಬೇಡ. ಅವಳು ನಾಲ್ಕನೇ ಅಂಕದಲ್ಲಿ ಆಳು ಗ್ರೂಮಿಯೊನ ಹತ್ತಿರ ಏನಾದರೂ ತಿನ್ನೋಕೆ ಕೊಡು ಅಂತ ಬೇಡುತ್ತಾಳೆ. ಅವನು ಅದು ಕೊಡಲಾ, ಇದು ಕೊಡಲಾ ಅಂತ ಆಟ ಆಡಿಸುತ್ತಾನೆ, ಕೊಡುವುದಿಲ್ಲ. ಭಿಕ್ಷುಕರು ನನ್ನ ಅಪ್ಪನ ಮನೆ ಬಾಗಿಲಿಗೆ ಬಂದರೂ ಅವರಿಗೆ ಸಿಗುತ್ತಿತ್ತು, ನನಗೆ ಬೇಡುವುದು ಹೇಗೆ ಅಂತಾನೂ ಗೊತ್ತಿಲ್ಲ ಅಂತಾಳೆ. ಅದನ್ನು ಓದಿದ ಮೇಲೆ ನನಗೆ ಅವನ ಯಾವ ಜಾಣ ಮಾತೂ ರುಚಿಸಲಿಲ್ಲ.

ನಮ್ಮ ಚಿಕ್ಕಮ್ಮನ ಕಥೆ ಹೇಳುತ್ತೇನೆ. ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ಭತ್ತ ತೂಗುವ ದಿನ ಅಪ್ಪ ಅವಳನ್ನೇ ನಿಲ್ಲಿಸುತ್ತಿದ್ದರು. ಮುಳ್ಳು ಒಂದು ಕೂದಲೆಳೆ ಆಚೆ ಹೋದರೂ ‘ಅಣ್ಣಾ, ಮತ್ತೊಮ್ಮೆ ತೂಗು’ ಅಂತಿದ್ದಳು. ವ್ಯಾಪಾರಿಗಳು ಅವಳಿಗೆ ಹೆದರುತ್ತಿದ್ದರು. ಊರಲ್ಲಿ ಅವಳಿಗೂ ಬಜಾರಿ ಅಂತಲೇ ಹೆಸರು. ಮದುವೆ ಆಯಿತು. ಗಂಡ ಒಂದು ದಿನವೂ ಕೈ ಎತ್ತಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ, ಬಂಗಾರದಂಥ ಮನುಷ್ಯ ಅಂತ. ಅವರು ಮಾಡಿದ್ದು ಇಷ್ಟೇ. ಅವಳು ಎದುರು ಮಾತಾಡಿದ ದಿನ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದರು. ಅವರು ಉಣ್ಣದಿದ್ದರೆ ಅತ್ತೆ ಉಣ್ಣುವುದಿಲ್ಲ. ಅತ್ತೆ ಉಣ್ಣದೆ ಸೊಸೆ ಉಣ್ಣುವ ಹಾಗಿಲ್ಲ. ಪೆಟ್ರೂಶಿಯೊನೂ ಇದನ್ನೇ ಮಾಡುತ್ತಾನೆ, ಇವತ್ತು ಇಬ್ಬರೂ ಉಪವಾಸ ಇರೋಣ ಅಂತಾನೆ. ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಈಗ ಚಿಕ್ಕಮ್ಮ ನಮ್ಮ ಮನೆಗೆ ಬಂದಾಗ ಚಹಾಕ್ಕೆ ಸಕ್ಕರೆ ಸಾಕಾ ಅಂತ ಕೇಳಿದರೂ ಮೊದಲು ಚಿಕ್ಕಪ್ಪನ ಮುಖ ನೋಡುತ್ತಾಳೆ. ಮೇಷ್ಟ್ರು ಹೇಳಿದ ಸೂರ್ಯ ಚಂದ್ರ ನನಗೆ ಅಲ್ಲಿ ಕಾಣುತ್ತದೆ. ಎರಡು ವರ್ಷದ ಹಿಂದೆ ಸುಗ್ಗಿಯಲ್ಲಿ ಬಂದಿದ್ದಳು. ಅಂಗಳದಲ್ಲಿ ಭತ್ತ ತೂಗುತ್ತಿದ್ದರು. ಮುಳ್ಳು ಸರಿ ಇರಲಿಲ್ಲ. ಅವಳು ನೋಡಿದಳು, ಅವಳು ನೋಡಿದ್ದನ್ನು ನಾನು ನೋಡಿದೆ. ಬಾಯಿ ಬಿಡಲಿಲ್ಲ. ಒಳಗೆ ಹೋದಳು.

ಊರವರು ‘ಮದುವೆ ಆದ ಮೇಲೆ ಎಷ್ಟು ಚೊಲೋ ಆದಳು’ ಅಂತಾರೆ. ಬಾಪ್ಟಿಸ್ಟಾನೂ ಹೀಗೇ ಹೇಳಿ ಇನ್ನೂ 20,000 ಕ್ರೌನ್ ಕೊಡುತ್ತಾನೆ, ಈಗ ಇವಳು ಬೇರೆ ಮಗಳೇ ಆಗಿದ್ದಾಳೆ ಅಂತ. ಹಳೆಯ ಮಗಳು ಎಲ್ಲಿ ಹೋದಳು ಅಂತ ಅವನಿಗೆ ಅನ್ನಿಸಲೇ ಇಲ್ಲ.

ತಂಗಿ, ನೀನು ಹೇಗಾದರೂ ಹೇಳು, ಆದರೆ ಜನ ನಗುತ್ತಾ ಎದ್ದು ಹೋಗುವ ಹಾಗೆ ಮಾತ್ರ ಹೇಳಬೇಡ. ಅದೇ ನಾಲ್ಕನೇ ಅಂಕದಲ್ಲಿ ಟೋಪಿ ಕಿತ್ತುಕೊಂಡಾಗ ಅವಳು ಹೇಳುತ್ತಾಳಲ್ಲ, ಎದೆಯಲ್ಲಿರುವ ಸಿಟ್ಟನ್ನು ನನ್ನ ನಾಲಿಗೆ ಹೇಳಲೇಬೇಕು, ಬಚ್ಚಿಟ್ಟರೆ ಎದೆ ಒಡೆದು ಹೋಗುತ್ತದೆ ಅಂತ. ಆ ಮಾತನ್ನು ಗಟ್ಟಿಯಾಗಿ ಆಡು. ಅದು ಕಿವಿಯಲ್ಲಿ ಉಳಿದರೆ ಕೊನೆಯ ಮಾತು ಕೇಳುವಾಗ ಜನರಿಗೆ ತಾನಾಗೇ ತಿಳಿಯುತ್ತದೆ.

ರಾಯಚೂರು ಓದುಗ

ಅಕ್ಕಾ, ಓದಿದೆ. ನಾನು ಆ ತಟ್ಟೆಯ ವಿಷಯ ಹೀಗೆ ಯೋಚಿಸಿರಲಿಲ್ಲ. ನಾಟಕ ಮತ್ತೊಮ್ಮೆ ಓದುತ್ತೇನೆ.

ಹಳೇ ಪಾತ್ರಧಾರಿ, ಬಳ್ಳಾರಿ

ಮಗಳೇ, ನಾನು ಪುಸ್ತಕ ಓದಿದವನಲ್ಲ, ಬಣ್ಣ ಹಚ್ಚಿದವನು. ಹುಡುಗನಾಗಿದ್ದಾಗ ಊರ ನಾಟಕದಲ್ಲಿ ಸ್ತ್ರೀ ಪಾತ್ರ ಮಾಡಿದ್ದೇನೆ. ಶೇಕ್ಸ್‌ಪಿಯರ್ ಕಾಲದಲ್ಲೂ ಹಾಗೇ ಅಂತೆ, ಕೇಟ್ ಪಾತ್ರವನ್ನು ಮೊದಲು ಮಾಡಿದ್ದು ಹುಡುಗರೇ. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ಗಟ್ಟಿಯಾಗಿ ಹೇಳಿದ ಬಳ್ಳಾರಿ ರಾಘವರ ಊರು ನಮ್ಮದು. ನಾನು ಸೀರೆ ಉಟ್ಟು ‘ಪತಿಯೇ ದೈವ’ ಅಂದಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ, ಚಪ್ಪಾಳೆ ಬೀಳುತ್ತಿತ್ತು ಅಷ್ಟೇ. ನಿನಗೆ ಗಂಟಲು ಹಿಡಿಯುತ್ತಿದೆ ಅಂದರೆ ಅದು ಪಾತ್ರಕ್ಕೆ ಒಳ್ಳೆಯದು. ಅದನ್ನು ಕಳೆದುಕೊಳ್ಳಬೇಡ.

ನಿನ್ನ ಪ್ರಶ್ನೆ ನೋಡಿ ಮೊಮ್ಮಗಳ ಕೈಲಿ ಕೊನೆಯ ದೃಶ್ಯವನ್ನು ಎರಡು ಸಲ ಓದಿಸಿಕೊಂಡೆ. ಆಟ ಕಟ್ಟುವವನ ಕಣ್ಣಿಗೆ ಕಂಡದ್ದು ಹೇಳುತ್ತೇನೆ.

ಮೂವರು ಗಂಡಸರು ಪಂದ್ಯ ಕಟ್ಟುತ್ತಾರೆ, ಯಾರ ಹೆಂಡತಿ ಕರೆದ ಕೂಡಲೇ ಬರುತ್ತಾಳೆ ಅಂತ. ಮೊದಲು 20 ಕ್ರೌನ್. ಅಷ್ಟನ್ನು ನನ್ನ ಗಿಡುಗದ ಮೇಲೆ, ನಾಯಿ ಮೇಲೆ ಕಟ್ಟುತ್ತೇನೆ, ಹೆಂಡತಿ ಮೇಲೆ ಅದರ 20 ಪಟ್ಟು ಅಂತಾನೆ ಪೆಟ್ರೂಶಿಯೊ. ಕೊನೆಗೆ 100ಕ್ಕೆ ನಿಲ್ಲುತ್ತದೆ. ಇದೆಲ್ಲ ಆಗುವಾಗ ಕೇಟ್ ರಂಗದ ಮೇಲೆ ಇಲ್ಲ. ಬಿಯಾಂಕಾ ಬರಲ್ಲ ಅಂತಾಳೆ, ಹೊರ್ಟೆನ್ಶಿಯೊ ಮದುವೆಯಾದ ವಿಧವೆ ನೀನೇ ಬಾ ಅಂತ ಹೇಳಿ ಕಳಿಸುತ್ತಾಳೆ, ಕೇಟ್ ಬರುತ್ತಾಳೆ. ಯಾಕೆ ಕರೆಸಿದಿರಿ ಅಂತ ಕೇಳುತ್ತಾಳೆ. ಅವಳಿಗೆ ಪಂದ್ಯ ಗೊತ್ತಿಲ್ಲ. ಒಳಗೆ ಹೋಗಿ ಅವರಿಬ್ಬರನ್ನು ಕರೆದುಕೊಂಡು ಬರುತ್ತಾಳೆ. ಟೋಪಿ ಕಾಲಡಿ ಹಾಕು ಅಂದರೆ ಹಾಕುತ್ತಾಳೆ. ಆಗ ಲುಸೆನ್ಶಿಯೊ ತನ್ನ ಹೆಂಡತಿ ಬಿಯಾಂಕಾಗೆ, ನೀನು ಬಾರದ್ದರಿಂದ ನನ್ನ ದುಡ್ಡು ಹೋಯಿತು ಅಂತಾನೆ. ನನ್ನ ವಿಧೇಯತೆ ಮೇಲೆ ಪಣ ಕಟ್ಟಿದ ನೀನೇ ದಡ್ಡ ಅಂತಾಳೆ ಅವಳು.

ಕೇಟ್ ಅಲ್ಲೇ ನಿಂತಿದ್ದಾಳೆ ಮಗಳೇ. ಅವಳಿಗೆ ಗೊತ್ತಾಗುವುದು ಆಗ! ತನ್ನನ್ನು ಕರೆಸಿದ್ದು ದುಡ್ಡಿಗೆ ಅಂತ. ಅದರ ಹಿಂದೆಯೇ ಗಂಡ ‘ಇವರಿಗೆ ಬುದ್ಧಿ ಹೇಳು’ ಅಂತಾನೆ. ಅಂದರೆ ಆ ದೊಡ್ಡ ಮಾತು ಶುರುವಾಗುವುದು ಅದು ತಿಳಿದ ಮೇಲೆ. ನೀನು ಅಲ್ಲಿ ಏನೂ ಮಾಡಬೇಡ. ಲುಸೆನ್ಶಿಯೊ ದುಡ್ಡು ಅಂದಾಗ ತಿರುಗಿ ಗಂಡನನ್ನು ಒಮ್ಮೆ ನೋಡು. ಆಮೇಲೆ ಅಪ್ಪನನ್ನು. ಅವಸರ ಬೇಡ. ಆಮೇಲೆ ಮಾತು ಎತ್ತಿಕೋ. ಒಂದು ಅಕ್ಷರ ಬದಲಾಯಿಸದೆ ಇಡೀ ಮಾತಿನ ತೂಕ ಬದಲಾಗುತ್ತದೆ.

ಇನ್ನೊಂದು. ಕಾಲು ಮುಟ್ಟುವುದು ಮೂಲದಲ್ಲಿಲ್ಲ. ನನ್ನ ಕೈ ಸಿದ್ಧವಾಗಿದೆ ಅಂತಾಳೆ, ಅಷ್ಟೇ. ಕೈ ಚಾಚು, ಅಲ್ಲಿಗೆ ನಿಲ್ಲಿಸು. ಅದಾದ ಮೇಲೆ ನಾಟಕ ಮುಗಿಯುವವರೆಗೆ ಅವಳಿಗೆ ಒಂದೂ ಮಾತಿಲ್ಲ. ಅವನು ‘ಬಾ, ಮುತ್ತು ಕೊಡು ಕೇಟ್’ ಅಂತಾನೆ, ಅವಳು ಏನು ಅಂದಳು ಅಂತ ಬರೆದಿಲ್ಲ. ನಾಟಕದ ಕಟ್ಟಕಡೆಯ ಮಾತು ಲುಸೆನ್ಶಿಯೊನದು, ಇವಳು ಹೀಗೆ ಪಳಗಿದ್ದು ಆಶ್ಚರ್ಯವೇ ಸರಿ ಅಂತ. ಬರೆದವನೇ ಅನುಮಾನ ಇಟ್ಟು ಪರದೆ ಎಳೆದಿದ್ದಾನೆ. ನಿರ್ದೇಶಕರಿಗೆ ಗೌರವದಿಂದ ಹೇಳು, ಪುಸ್ತಕ ತೋರಿಸು.

ಗಂಗಾವತಿ ಮೇಷ್ಟ್ರು, ಕೊಪ್ಪಳ ಜಿಲ್ಲೆ

ಅಣ್ಣಾವ್ರೇ, ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅವಳಿಗೆ ಪಂದ್ಯ ಯಾವಾಗ ಗೊತ್ತಾಗುತ್ತದೆ ಅಂತ ನೋಡಿಯೇ ಇರಲಿಲ್ಲ. ಆಟ ಅಂತ ನಾನು ಹೇಳಿದ್ದನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದಾರಿಯಲ್ಲಿ ಅದು ಆಟ ಇರಬಹುದು. ಕೊನೆಯ ದೃಶ್ಯದ ಔತಣದ ಮನೆಯಲ್ಲಿ ಅಲ್ಲ. ಒಂದು ಸೇರಿಸುತ್ತೇನೆ: 1611ರ ಸುಮಾರಿಗೆ ಫ್ಲೆಚರ್ ಅನ್ನುವ ನಾಟಕಕಾರ ಇದರ ಮುಂದಿನ ಕಥೆ ಬರೆದ. ಅದರಲ್ಲಿ ಕೇಟ್ ಸತ್ತಿದ್ದಾಳೆ. ಎರಡನೇ ಹೆಂಡತಿ ಮರಿಯಾ ಮೊದಲ ರಾತ್ರಿಯೇ ಪೆಟ್ರೂಶಿಯೊನನ್ನು ಹೊರಗಿಟ್ಟು ಬಾಗಿಲು ಹಾಕುತ್ತಾಳೆ. ಆ ಕೊನೆ ಆ ಕಾಲದಲ್ಲೇ ಕೆಲವರಿಗೆ ಸಾಲಲಿಲ್ಲ ಅಂತ ಕಾಣುತ್ತದೆ.

ಕೌಲ್ ಬಜಾರ್ ಹುಡುಗಿ, ಬಳ್ಳಾರಿ

ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ಸಿಂಧನೂರಿನ ಅಕ್ಕಾ, ನಿಮ್ಮ ಚಿಕ್ಕಮ್ಮನ ವಿಷಯ ಅಮ್ಮನಿಗೆ ಓದಿ ಹೇಳಿದೆ. ತಕ್ಕಡಿ ಹತ್ತಿರ ಬಂದಾಗ ಅಮ್ಮ ಸಾಕು ಅಂದಳು. ಆಮೇಲೆ ತಾನೇ ಬಂದು ಮುಂದೇನಾಯಿತು ಅಂತ ಕೇಳಿದಳು.

ನಿನ್ನೆ ತಾಲೀಮಿನಲ್ಲಿ ಹಿರಿಯರು ಹೇಳಿದ ಹಾಗೆ ಮಾಡಿದೆವು. ನಿರ್ದೇಶಕರು ಮೊದಲು ಒಪ್ಪಲಿಲ್ಲ, ಪುಸ್ತಕ ತೋರಿಸಿದ ಮೇಲೆ ಒಂದು ಸಲ ನೋಡೋಣ ಅಂದರು. ಲುಸೆನ್ಶಿಯೊ ದುಡ್ಡಿನ ಮಾತು ಆಡಿದ. ನಾನು ಪೆಟ್ರೂಶಿಯೊ ಕಡೆ ನೋಡಿದೆ. ಆ ಪಾತ್ರ ಮಾಡುವ ಹುಡುಗ ನಗುತ್ತಿದ್ದವನು ನಗು ನಿಲ್ಲಿಸಿದ. ಬಾಪ್ಟಿಸ್ಟಾ ಪಾತ್ರದವರ ಕಡೆ ತಿರುಗಿದೆ, ಅವರು ಯಾರೂ ಹೇಳಿಕೊಡದೆ ತಲೆ ತಗ್ಗಿಸಿದರು. ಮಾತು ಬಂತು. ಮೊದಲ ಸಲ ನನ್ನ ಗಂಟಲಿಂದಲೇ ಬಂತು, ಪೂರ್ತಿ, ಒಂದು ಸಾಲೂ ಮರೆಯಲಿಲ್ಲ. ಕೊನೆಗೆ ಕೈ ಚಾಚಿ ನಿಂತೆ. ಪೆಟ್ರೂಶಿಯೊಗೆ ಮುತ್ತಿನ ಮಾತು ಹೇಳೋಕೆ ಆಗಲಿಲ್ಲ, ಸುಮ್ನೆ ನಿಂತ. ರೂಮಿನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ನಿರ್ದೇಶಕರು ಕಾಲು ಮುಟ್ಟು ಅಂತ ಹೇಳಲಿಲ್ಲ. ನಾಳೆ ಮತ್ತೆ ಇಲ್ಲಿಂದಲೇ ಶುರು ಮಾಡೋಣ ಅಂದರು.

ಹಿರಿಯರೇ, ಒಂದು ಕೇಳಬೇಕು. ಕೈ ಚಾಚಿದ ಮೇಲೆ ಎಷ್ಟು ಹೊತ್ತು ಹಾಗೇ ಹಿಡಿಯಬಹುದು? ನಿನ್ನೆ ತೋಳು ನಡುಗೋಕೆ ಶುರುವಾಯಿತು. ನಡುಗಿದರೆ ನಡುಗಲಿ ಅಂತ ಬಿಡಲಾ, ಇಳಿಸಲಾ?

ಹಳೇ ಪಾತ್ರಧಾರಿ, ಬಳ್ಳಾರಿ

ಇಳಿಸಬೇಡ. ಅವನು ಬಂದು ಹಿಡಿಯಲಿ.